ಹೊಂಗೆ ಮರದ ಒಂದು ವರ್ಷ: ನಿಲ್ಲುವ ಜಾಗ ಒಂದೇ ಇರಲಿ

ಒಂದೇ ಮರವನ್ನು ವರ್ಷಪೂರ್ತಿ ಫೋಟೊ ತೆಗೆಯಲು ಹೊರಟ ಎಷ್ಟೋ ಜನರ ಚಿತ್ರಗಳನ್ನು ನೋಡಿದ್ದೇನೆ. ಪಕ್ಕಪಕ್ಕ ಇಟ್ಟರೆ ಹನ್ನೆರಡು ಬೇರೆ ಬೇರೆ ಮರಗಳ ಹಾಗೆ ಕಾಣುತ್ತವೆ. ತಪ್ಪು ಕ್ಯಾಮೆರಾದ್ದಲ್ಲ, ನಿಂತ ಜಾಗದ್ದು.

ದಿನಾ ಓಡಾಡುವ ದಾರಿಯ ಮರವನ್ನೇ ಆರಿಸಿ. ಬೆಂಗಳೂರಿನಲ್ಲಿ ಎಲ್ಲರೂ ಗುಲಾಬಿ ಹೂವಿನ ಟಬೂಬಿಯಾ ಮರದ ಹಿಂದೆ ಬೀಳುತ್ತಾರೆ, ನಾನಂತೂ ಹೊಂಗೆ ಅನ್ನುತ್ತೇನೆ. ಬೇಸಿಗೆ ಶುರುವಿಗೆ ಎಲೆ ಹಳದಿಯಾಗಿ ಉದುರುತ್ತದೆ, ಯುಗಾದಿ ಹೊತ್ತಿಗೆ ಎಣ್ಣೆ ಸವರಿದಂಥ ಚಿಗುರು, ಆಮೇಲೆ ಪುರಿ ಚೆಲ್ಲಿದ ಹಾಗೆ ರಸ್ತೆ ತುಂಬ ಹೂವು.

ಈಗ ಕಷ್ಟದ ಕೆಲಸ. ಅಂದಾಜಿಗೆ ನಿಂತು ತೆಗೆದು ಆಮೇಲೆ ಕ್ರಾಪ್ ಮಾಡಿದರಾಯ್ತು ಅಂದುಕೊಳ್ಳಬೇಡಿ. ಎರಡು ಹೆಜ್ಜೆ ಸರಿದರೂ ಕೊಂಬೆ ಮತ್ತು ಹಿಂದಿನ ಮನೆಯ ಹೊಂದಿಕೆಯೇ ಬದಲಾಗುತ್ತದೆ, ಯಾವ ಕ್ರಾಪೂ ಅದನ್ನು ಸರಿ ಮಾಡುವುದಿಲ್ಲ. ಹತ್ತಿರದ ಒಂದು ವಸ್ತು, ದೂರದ ಒಂದು ವಸ್ತು ಗುರುತು ಮಾಡಿಕೊಳ್ಳಿ. ನಮ್ಮ ಬೀದಿಯಲ್ಲಿ ನಾನು ಎದುರು ಗೇಟಿನ ಕಂಬದ ಅಂಚು ಹಿಂದಿನ ಮನೆಯ ನೀರಿನ ಟ್ಯಾಂಕಿನ ಅಂಚಿಗೆ ಸರಿಯಾಗಿ ತಾಗುವವರೆಗೆ ಅತ್ತಿತ್ತ ಸರಿಯುತ್ತೇನೆ. ಫ್ರೇಮಿನ ಇನ್ನೊಂದು ಬದಿಗೆ ಕರೆಂಟ್ ಕಂಬ ಮತ್ತು ಅದರ ಹಿಂದಿನ ಕಿಟಕಿ. ಈ ಎರಡೂ ಜೋಡಿ ಒಟ್ಟಿಗೆ ಕೂಡುವ ಜಾಗ ಒಂದೇ ಒಂದು, ಕಾಲು ಅಲ್ಲೇ ಊರಿ. ಕೊಂಬೆಯನ್ನು ಗುರುತಾಗಿ ಇಟ್ಟುಕೊಳ್ಳಬೇಡಿ, ಅದು ಬೆಳೆಯುತ್ತದೆ. ಫೋನು ಪ್ರತಿ ಸಲವೂ ಎದೆ ಮಟ್ಟದಲ್ಲೇ ಇರಲಿ, ಜೂಮ್ 1ಎಕ್ಸ್‌ನಲ್ಲೇ ಇರಲಿ. ಮೊದಲ ಫೋಟೊ ತೆರೆದು ನೋಡಿ ಹೋಲಿಸಿ, ಆಮೇಲೆ ಕ್ಲಿಕ್ ಮಾಡಿ. ಕ್ಲಿಪ್ ಹಾಕುವ ಅಗ್ಗದ ಲೆನ್ಸ್ ಬೇಡವೇ ಬೇಡ, ಅಂಚೆಲ್ಲ ಕಲಸಿಹೋಗುತ್ತದೆ.

ಬಿಸಿಲು ಮರಕ್ಕೆ ಬೀಳುವ ಮೊದಲೇ ತೆಗೆಯಿರಿ. ಬೆಂಗಳೂರಿನಲ್ಲಿ ಏಪ್ರಿಲ್ ಕೊನೆಯ ವಾರದಿಂದ ಆಗಸ್ಟ್ 18ರ ಆಸುಪಾಸಿನವರೆಗೆ ಮಧ್ಯಾಹ್ನದ ಸೂರ್ಯ ನೆತ್ತಿಯಿಂದ ಉತ್ತರಕ್ಕಿರುತ್ತಾನೆ, ಉಳಿದಂತೆ ದಕ್ಷಿಣಕ್ಕೆ. ಹಾಗಾಗಿ ಮರದ ಬೆಳಗುವ ಬದಿಯೇ ಬದಲಾಗುತ್ತದೆ, ಋತು ಯಾವುದು ಬೆಳಕು ಯಾವುದು ಗೊತ್ತಾಗುವುದಿಲ್ಲ. ಫೋನು ದೃಶ್ಯ ನೋಡಿ ತಾನೇ ಬಣ್ಣ ಬದಲಿಸುವ ಎಐ ಸೀನ್ ಆಫ್ ಮಾಡಿ. ಸೆಟ್ಟಿಂಗ್ ನಾವೇ ಇಡುವ ಪ್ರೊ ಮೋಡ್ ಇದ್ದರೆ, ಬಣ್ಣದ ಛಾಯೆ ನಿರ್ಧರಿಸುವ ವೈಟ್ ಬ್ಯಾಲೆನ್ಸ್ 5500 ಕೆಲ್ವಿನ್‌ಗೆ ಇಟ್ಟು ಮರೆತುಬಿಡಿ.

ಚಿಗುರಿನ ವಾರಗಳಲ್ಲಿ ತಿಂಗಳಿಗೊಂದು ಫೋಟೊ ಸಾಲದು, ಎರಡು ಮೂರು ದಿನಕ್ಕೊಮ್ಮೆ ಹೋಗಿ.

ಎಡಿಟಿಂಗ್ ಚಿಕ್ಕ ಕೆಲಸ. ಗಿಂಪ್ ಅನ್ನುವ ಉಚಿತ ಎಡಿಟಿಂಗ್ ಸಾಫ್ಟ್‌ವೇರಿನಲ್ಲಿ ಹೊಸ ಫೋಟೊವನ್ನು ಹಳೆಯದರ ಮೇಲೆ ಲೇಯರ್ ಆಗಿ ಹಾಕಿ, ಕೆಳಗಿನದು ಕಾಣುವ ಹಾಗೆ ಒಪಾಸಿಟಿ 50ಕ್ಕೆ ಇಳಿಸಿ, ಟ್ಯಾಂಕಿನ ಮೇಲೆ ಟ್ಯಾಂಕು ಕೂರುವವರೆಗೆ ಸರಿಸಿ. ಲೈಟ್‌ರೂಮ್ ಅನ್ನುವ ಇನ್ನೊಂದು ಎಡಿಟಿಂಗ್ ಆಪ್‌ನಲ್ಲಿ ಒಂದು ಚಿತ್ರದ ಬಣ್ಣ ಸರಿಮಾಡಿ ಅದೇ ಸೆಟ್ಟಿಂಗನ್ನು ಎಲ್ಲದಕ್ಕೂ ಕಾಪಿ ಮಾಡಿ. ಒಂದೊಂದಕ್ಕೆ ಒಂದೊಂದು ಫಿಲ್ಟರ್ ಹಾಕಿದಿರೋ, ವರ್ಷದ ಕೆಲಸ ಹಾಳು. ಬಣ್ಣ ಗಾಢ ಮಾಡುವ ಸ್ಯಾಚುರೇಶನ್ ಮುಟ್ಟಲೇಬೇಡಿ. ಹೊಂಗೆ ಚಿಗುರಿನಲ್ಲಿ ತೆಳು ಹಳದಿ ಇರುತ್ತದೆ ಅಲ್ವಾ, ಅದು ಹೋಗಿ ಪ್ಲಾಸ್ಟಿಕ್ ಎಲೆಯ ಹಾಗಾಗುತ್ತದೆ.

ಒರಿಜಿನಲ್ ಫೈಲನ್ನು ತಾರೀಖು ಹಾಕಿ ಬೇರೆ ಫೋಲ್ಡರಿನಲ್ಲಿಡಿ. ವಾಟ್ಸ್ಆಪ್‌ನಲ್ಲಿ ಫೋಟೊ ಆಗಿ ಕಳಿಸಿಕೊಂಡದ್ದನ್ನೇ ಉಳಿಸಿಕೊಳ್ಳಬೇಡಿ, ಅದು ಕುಗ್ಗಿರುತ್ತದೆ.