ಮಾವನ ಆಂಜಿಯೋಪ್ಲಾಸ್ಟಿ: ಸಹಿ ಹಾಕುವ ಮೊದಲು ನಾವು ಕೇಳಿದ್ದು, ಡಾಕ್ಟರಿಗೆ ನಾವು ಹೇಳಿದ್ದು

ಮನೆಯಲ್ಲಿ ಹಿರಿಯರಿಗೆ ಎದೆನೋವು ಬಂದಾಗ ಕಾನೂನು ಓದಿಕೊಂಡು ಕೂರಲು ಆಗುವುದಿಲ್ಲ. ಅದಕ್ಕೇ ಮೊದಲೇ ಗೊತ್ತಿದ್ದರೆ ಒಳ್ಳೆಯದು ಅನಿಸಿದ್ದನ್ನು ಬರೆಯುತ್ತಿದ್ದೇನೆ. ನನ್ನ ಮಾವನಿಗೆ ಹುಬ್ಬಳ್ಳಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಆಂಜಿಯೋಪ್ಲಾಸ್ಟಿ ಮಾಡಿಸಿದೆವು, ಅಂದರೆ ಕಟ್ಟಿಕೊಂಡ ಹೃದಯದ ರಕ್ತನಾಳ ಬಿಡಿಸಿ, ಅದು ತೆರೆದೇ ಇರಲಿ ಅಂತ ಸ್ಟೆಂಟ್ ಅನ್ನುವ ಸಣ್ಣ ಜಾಲರಿ ಕೊಳವೆ ಹಾಕಿಸಿದೆವು. ಮೊದಲಿಂದ ಕೊನೆತನಕ ಜೊತೆಗಿದ್ದವಳು ನಾನು. ರೋಗಿಗೆ ಹಕ್ಕುಗಳಿವೆ, ನಿಜ. ಆದರೆ ನಮ್ಮ ಕಡೆಯಿಂದ ಡಾಕ್ಟರಿಗೆ ಮುಚ್ಚುಮರೆ ಇಲ್ಲದೆ ಎಲ್ಲ ಹೇಳಿದ್ದರಿಂದಲೇ ಅವರನ್ನು ಎಲ್ಲ ಕೇಳುವ ಧೈರ್ಯ ನನಗೆ ಬಂತು.

ರಾತ್ರಿ ಎಮರ್ಜೆನ್ಸಿಗೆ ಹೋದ ಕೂಡಲೇ ಕೌಂಟರಿನವರು ಮುಂಗಡ ಕಟ್ಟಿ ಅಂದರು. "ಕಟ್ಟುತ್ತೇವೆ, ನಮ್ಮವರು ಕೌಂಟರಿನಲ್ಲೇ ನಿಂತಿದ್ದಾರೆ, ನೀವು ಮೊದಲು ಇಸಿಜಿ ಮಾಡಿ" ಅಂತ ಅಲ್ಲಿದ್ದ ಡ್ಯೂಟಿ ಡಾಕ್ಟರಿಗೇ ನೇರವಾಗಿ ಹೇಳಿದೆ. ಅವರು ತಕ್ಷಣ ಮಾಡಿದರು. ಜೀವ ಉಳಿಸುವ ಚಿಕಿತ್ಸೆ ಬೇರೆ ಯಾವುದಕ್ಕೂ ಕಾಯಬಾರದು ಅಂತ ಸುಪ್ರೀಂ ಕೋರ್ಟ್ 1989ರಲ್ಲೇ ಪರಮಾನಂದ ಕಟಾರಾ ಪ್ರಕರಣದಲ್ಲಿ ಹೇಳಿದೆ. ನಮ್ಮ ರಾಜ್ಯದ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಗೆ 2017ರಲ್ಲಿ ತಿದ್ದುಪಡಿ ಆದಾಗಲೂ, ತುರ್ತು ಚಿಕಿತ್ಸೆಗೆ ಮುಂಗಡ ಹಣದ ಪಟ್ಟು ಹಿಡಿಯಬಾರದು ಅಂತ ಸೇರಿಸಿದರು. ಆದರೆ ಆ ಹೊತ್ತಿನಲ್ಲಿ ಕಾಯ್ದೆ ಹೆಸರು ಹೇಳಿ ಜಗಳಕ್ಕೆ ನಿಲ್ಲಬೇಡಿ. ಕೌಂಟರ್ ಬಿಟ್ಟು ಡಾಕ್ಟರ್ ಹತ್ತಿರ ಹೋಗಿ.

ಮಾವನ ನೋವು ಇಳಿಯಿತು, ಮರುದಿನ ಆಂಜಿಯೋಗ್ರಾಂ (ಹೃದಯದ ರಕ್ತನಾಳಕ್ಕೆ ಡೈ ಅನ್ನುವ ದ್ರವ ಬಿಟ್ಟು ಎಲ್ಲಿ ಕಟ್ಟಿಕೊಂಡಿದೆ ಅಂತ ನೋಡುವ ಪರೀಕ್ಷೆ) ಅಂತ ತೀರ್ಮಾನ ಆಯಿತು. ಡಾಕ್ಟರ್ ಬಂದು ಯಾವ್ಯಾವ ಮಾತ್ರೆ ತಗೋತೀರಿ ಅಂತ ಕೇಳಿದಾಗ ಮಾವ ಬಿಪಿ ಮಾತ್ರೆ ಒಂದನ್ನೇ ಹೇಳಿದರು. ಮೊಣಕಾಲು ನೋವಿಗೆ ಮೆಡಿಕಲ್ ಶಾಪಿನಿಂದ ತಂದು ನುಂಗುತ್ತಿದ್ದ ಮಾತ್ರೆ, ಊರಿನ ಪಂಡಿತರ ಹತ್ತಿರ ತಂದು ಕುಡಿಯುತ್ತಿದ್ದ ಕಷಾಯ, ಎರಡನ್ನೂ ಹೇಳಲಿಲ್ಲ. ನಾನು ಮೆಲ್ಲಗೆ ನೆನಪಿಸಿದರೆ, "ಅದನ್ನೆಲ್ಲ ಯಾಕ ಹೇಳ್ತೀಯವಾ, ಡಾಕ್ಟರ್ ಬೈತಾರ" ಅಂದರು. "ಬೈದರ ಬೈಲಿ ಮಾವಾರ, ಹೇಳ್ರಿ" ಅಂದೆ. ಮನೆಯಿಂದ ಬರುವಾಗ ಮಾತ್ರೆಗಳ ಖಾಲಿ ಸ್ಟ್ರಿಪ್‌ಗಳನ್ನೆಲ್ಲ ಒಂದು ಕವರಿಗೆ ಹಾಕಿಕೊಂಡು ಬಂದಿದ್ದೆ, ಅದನ್ನೇ ಡಾಕ್ಟರ್ ಕೈಗೆ ಕೊಟ್ಟೆ. ಅವರು ಬೈಯಲಿಲ್ಲ. ನೋವಿನ ಮಾತ್ರೆ ಜಾಸ್ತಿ ದಿನ ತಗೊಂಡರೆ ಕಿಡ್ನಿಗೆ ಪೆಟ್ಟು ಬೀಳಬಹುದು, ಆಂಜಿಯೋಗ್ರಾಂಗೆ ಹಾಕುವ ಡೈ ಕೂಡ ಕಿಡ್ನಿಗೆ ಭಾರ, ಹಾಗಾಗಿ ಕಿಡ್ನಿ ಹೇಗಿದೆ ಅಂತ ತಿಳಿಯುವ ರಕ್ತ ಪರೀಕ್ಷೆ, ಕ್ರಿಯಾಟಿನಿನ್, ನೋಡಿಯೇ ಮುಂದಿನದು ಅಂದರು. ರಿಪೋರ್ಟ್ ಸ್ವಲ್ಪ ಮೇಲಿತ್ತು. ಡ್ರಿಪ್ ಹಾಕಿ, ಡೈ ಎಷ್ಟು ಕಡಿಮೆ ಆಗುತ್ತೋ ಅಷ್ಟರಲ್ಲೇ ಮುಗಿಸುತ್ತೇವೆ ಅಂದರು. ರೋಗಿಯ ಜವಾಬ್ದಾರಿ ಅಂತ ಆಸ್ಪತ್ರೆಯ ಬೋರ್ಡಿನಲ್ಲಿ ಬರೆದಿರುವ ಆ ಒಂದು ಸಾಲು, "ಸರಿಯಾದ ಮಾಹಿತಿ ಕೊಡಿ" ಅನ್ನೋದು, ಆಸ್ಪತ್ರೆಯ ಅನುಕೂಲಕ್ಕಲ್ಲ, ನಮ್ಮ ಮಾವನ ಕಿಡ್ನಿ ಉಳಿಯಲಿ ಅಂತ.

ಆಮೇಲೆ ಸಹಿ ಮಾಡುವ ಹೊತ್ತು ಬಂತು. ನನ್ನ ಪ್ರಕಾರ ಎಲ್ಲಕ್ಕಿಂತ ಜಾಸ್ತಿ ಗಮನ ಕೊಡಬೇಕಾದ ಜಾಗ ಇದೇ.

ಸಿಸ್ಟರ್ ಒಂದು ಕಟ್ಟು ಫಾರಂ ತಂದು ನನ್ನ ಗಂಡನ ಕೈಗೆ ಕೊಟ್ಟು, ಟಿಕ್ ಹಾಕಿದ ಕಡೆ ಸಹಿ ಮಾಡಿ ಅಂದರು. ಪೂರ್ತಿ ಇಂಗ್ಲಿಷಿನಲ್ಲಿತ್ತು, ನಡುವೆ ಎಷ್ಟೋ ಜಾಗ ಖಾಲಿ ಬಿಟ್ಟಿದ್ದರು. ಮಾವ ಪಕ್ಕದ ಬೆಡ್ಡಿನಲ್ಲಿ ಎಚ್ಚರವಾಗಿಯೇ ಕೂತಿದ್ದಾರೆ, ಅವರನ್ನು ಯಾರೂ ಕೇಳುತ್ತಿಲ್ಲ! ಪ್ರಜ್ಞೆ ಇರುವ, ತಿಳಿವಳಿಕೆ ಇರುವ ವಯಸ್ಕರಿಗೆ ಚಿಕಿತ್ಸೆ ಕೊಡಲು ಅವರದ್ದೇ ಒಪ್ಪಿಗೆ ಬೇಕು, ಮಗನ ಸಹಿ ಅದರ ಬದಲಿಗೆ ನಿಲ್ಲುವುದಿಲ್ಲ. ಡಾಕ್ಟರ್ ಬಂದು ಮಾವನಿಗೆ ಕನ್ನಡದಲ್ಲಿ ಹೇಳಲಿ, ಆಮೇಲೆ ಅವರೇ ಸಹಿ ಮಾಡುತ್ತಾರೆ ಅಂದೆ. ಸಿಸ್ಟರಿಗೆ ಕಿರಿಕಿರಿ ಆಯಿತು, ಅವರ ಕೆಲಸದ ಒತ್ತಡ ನನಗೂ ಕಾಣುತ್ತಿತ್ತು, ಆದರೂ ಬಿಡಲಿಲ್ಲ. ಡಾಕ್ಟರ್ ಬಂದರು, ಹಾಳೆ ಮೇಲೆ ಹೃದಯದ ಚಿತ್ರ ಬಿಡಿಸಿ ಹತ್ತು ನಿಮಿಷ ಹೇಳಿದರು. ಏನೇನು ತೊಂದರೆ ಆಗಬಹುದು, ಮಾಡಿಸದೇ ಇದ್ದರೆ ಏನು, ಮಾತ್ರೆಯಲ್ಲೇ ನೋಡಬಹುದಾ, ಎಲ್ಲ ಕೇಳಿದೆವು.

ಫಾರಂನಲ್ಲಿ ಆಂಜಿಯೋಗ್ರಾಂ, ಆಂಜಿಯೋಪ್ಲಾಸ್ಟಿ ಎರಡೂ ಒಟ್ಟಿಗೇ ಇದ್ದವು. ಒಂದು ಪರೀಕ್ಷೆ, ಇನ್ನೊಂದು ಚಿಕಿತ್ಸೆ. ಪರೀಕ್ಷೆಗೆ ಕೊಟ್ಟ ಒಪ್ಪಿಗೆ ಚಿಕಿತ್ಸೆಗೂ ಒಪ್ಪಿಗೆ ಆಗುವುದಿಲ್ಲ, ಜೀವ ಉಳಿಸಲು ತಕ್ಷಣ ಮಾಡಲೇಬೇಕಾದ ಸಂದರ್ಭ ಬಿಟ್ಟು, ಅಂತ 2008ರಲ್ಲಿ ಸಮೀರಾ ಕೊಹ್ಲಿ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಾವು ಎರಡಕ್ಕೂ ಬೇರೆಬೇರೆ ಸಹಿ ಅಂದೆವು. ಆಂಜಿಯೋಗ್ರಾಂ ಮುಗಿದ ಮೇಲೆ ನಮ್ಮನ್ನು ಕರೆದು ಸ್ಕ್ರೀನ್ ತೋರಿಸಿ, ಮಾವನಿಗೂ ಹೇಳಿ, ಆಮೇಲೆ ಮುಂದಿನದು ಅಂತ ಕೇಳಿದೆವು. ಡಾಕ್ಟರ್ ಒಪ್ಪಿದರು. ಖಾಲಿ ಜಾಗಗಳಿಗೆ ಅಡ್ಡಗೆರೆ ಎಳೆದು ಮಾವ ಸಹಿ ಹಾಕಿದರು. ಮೂರು ಕಡೆ ಬ್ಲಾಕ್ ಇತ್ತು. ದೊಡ್ಡದಕ್ಕೆ ಆವತ್ತೇ ಸ್ಟೆಂಟ್, ಉಳಿದೆರಡಕ್ಕೆ ಆಮೇಲೆ ಅಂದರು.

ಸ್ಟೆಂಟಿನ ದುಡ್ಡಿನ ವಿಷಯ. 2017ರ ಫೆಬ್ರುವರಿಯಲ್ಲಿ ಕೇಂದ್ರದ ಔಷಧ ಬೆಲೆ ಪ್ರಾಧಿಕಾರ ಸ್ಟೆಂಟ್‌ಗಳಿಗೆ ಗರಿಷ್ಠ ಬೆಲೆ ಕಟ್ಟಿತು. ಔಷಧ ಲೇಪಿತ ಸ್ಟೆಂಟಿಗೆ ಆಗ 29,600 ರೂಪಾಯಿ. ಆಮೇಲೆ ಬದಲಾಗುತ್ತಾ ಬಂದಿದೆ, ಈಗಿನದನ್ನು ಪ್ರಾಧಿಕಾರದ ವೆಬ್‌ಸೈಟಿನಲ್ಲೇ ನೋಡಿಕೊಳ್ಳಿ. ಬಿಲ್ಲಿನಲ್ಲಿ ಸ್ಟೆಂಟಿನ ಬೆಲೆ, ಬ್ರ್ಯಾಂಡ್, ಬ್ಯಾಚ್ ನಂಬರ್ ಬೇರೆಯಾಗಿ ಇರಬೇಕು. ನಮಗೆ ಮೊದಲು ಕೊಟ್ಟ ಬಿಲ್ಲಿನಲ್ಲಿ ಬರೀ "ಪ್ಯಾಕೇಜ್" ಅಂತ ಇತ್ತು. ಬಿಡಿಸಿ ಕೊಡಿ ಅಂದೆವು, ಕೊಟ್ಟರು. ಸ್ಟೆಂಟ್ ಡಬ್ಬಿಯ ಸ್ಟಿಕ್ಕರನ್ನೂ ಕೇಳಿ ಫೈಲಿಗೆ ಅಂಟಿಸಿಕೊಂಡೆ. ಬಿಪಿಎಲ್ ಕಾರ್ಡ್ ಇರುವವರು ಇಷ್ಟೆಲ್ಲ ಮಾಡುವ ಮೊದಲೇ ಸರ್ಕಾರಿ ಯೋಜನೆಗೆ ನೆರವಾಗುವ ಆರೋಗ್ಯ ಮಿತ್ರರ ಕೌಂಟರಿಗೆ ಹೋಗಿ, ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷದವರೆಗೆ ಸಿಗುತ್ತದೆ.

ಕೇಸ್ ಶೀಟ್, ಅಂದರೆ ಆಸ್ಪತ್ರೆಯಲ್ಲಿದ್ದಷ್ಟು ದಿನದ ಚಿಕಿತ್ಸೆಯ ಪೂರ್ತಿ ದಾಖಲೆ, ಪಡೆಯುವುದು ಮಾತ್ರ ಸುಲಭ ಆಗಲಿಲ್ಲ. ಡಿಸ್ಚಾರ್ಜ್ ಸಮ್ಮರಿ ಕೊಟ್ಟಿದ್ದೀವಲ್ಲ, ಕೇಸ್ ಶೀಟ್ ಯಾರಿಗೂ ಕೊಡಲ್ಲ ಅಂದರು. 2002ರ ವೈದ್ಯಕೀಯ ನಡತೆ ನಿಯಮಗಳ ಪ್ರಕಾರ ಒಳರೋಗಿಯ ದಾಖಲೆಯನ್ನು ಮೂರು ವರ್ಷ ಇಟ್ಟಿರಬೇಕು, ರೋಗಿ ಕೇಳಿದರೆ 72 ಗಂಟೆಯೊಳಗೆ ಕೊಡಬೇಕು. ಬಾಯಲ್ಲಿ ವಾದ ಮಾಡೋದು ಬಿಟ್ಟು ಮಾವನ ಹೆಸರಲ್ಲಿ ಒಂದು ಪುಟದ ಅರ್ಜಿ ಬರೆದು, ಅವರ ಸಹಿ ಹಾಕಿಸಿ, ಎರಡು ಪ್ರತಿ ಮಾಡಿ, ಒಂದನ್ನು ಕೊಟ್ಟು ಇನ್ನೊಂದರ ಮೇಲೆ ದಿನಾಂಕದ ಜೊತೆ ಸೀಲ್ ಹಾಕಿಸಿಕೊಂಡೆ. ಕೊಡದಿದ್ದರೆ ಜಿಲ್ಲಾಧಿಕಾರಿ ಅಧ್ಯಕ್ಷತೆಯ ಜಿಲ್ಲಾ ಕುಂದುಕೊರತೆ ಪ್ರಾಧಿಕಾರಕ್ಕೆ ಬರೆಯುತ್ತೇವೆ ಅಂತ ಅದರಲ್ಲೇ ಇತ್ತು. ಜೆರಾಕ್ಸ್ ದುಡ್ಡು ತಗೊಂಡು ಪೂರ್ತಿ ಕಟ್ಟು ಕೊಟ್ಟರು, ಆಂಜಿಯೋಗ್ರಾಂ ಸಿಡಿ ಸಮೇತ. ಆ ಸಿಡಿ ಹಿಡಿದುಕೊಂಡೇ ಬೆಂಗಳೂರಿನ ಜಯದೇವ ಹೃದ್ರೋಗ ಆಸ್ಪತ್ರೆಗೆ ಹೋಗಿ ಉಳಿದೆರಡು ಬ್ಲಾಕ್ ಬಗ್ಗೆ ಕೇಳಿದೆವು, ಸದ್ಯಕ್ಕೆ ಮಾತ್ರೆ ಸಾಕು, ನೋಡೋಣ ಅಂದರು.

ನಮ್ಮವರ ಬಗ್ಗೆಯೂ ಹೇಳಬೇಕು. ಐಸಿಯು ಬಾಗಿಲಿಗೆ ಊರಿಂದ ಒಂದು ಟೆಂಪೋ ಜನ ಬಂದರು. ಒಳಗೆ ಬಿಡಲಿಲ್ಲ ಅಂತ ನಮ್ಮ ಚಿಕ್ಕಮಾವ ಸಿಸ್ಟರಿಗೆ ದನಿ ಏರಿಸಿದರು. ನಾನು ಅವರನ್ನು ಹೊರಗೆ ಚಹಾಕ್ಕೆ ಕರೆದೊಯ್ದು ಬಿಡಿಸಿ ಹೇಳಿದೆ: ಒಳಗಿರುವ ಎಲ್ಲರಿಗೂ ಸೋಂಕಿನ ಭಯ ಇದೆ, ಅವರೂ ಯಾರದ್ದೋ ಅಪ್ಪ ಅಮ್ಮ. ಆಸ್ಪತ್ರೆ ಸಿಬ್ಬಂದಿ ಮೇಲೆ ಕೈ ಮಾಡಿದರೆ ನಮ್ಮ ರಾಜ್ಯದಲ್ಲಿ 2009ರಿಂದಲೇ ಜೈಲು ಶಿಕ್ಷೆಯ ಕಾಯ್ದೆ ಇದೆ ಅನ್ನೋದನ್ನೂ ಹೇಳಿದೆ. ಸಿಸ್ಟರ್ ಹತ್ತಿರ ಹೋಗಿ ಸಾರಿ ಕೇಳಿದ್ದು ನಾನೇ. ಆ ರಾತ್ರಿ ಮಾವನಿಗೆ ವಾಂತಿ ಆದಾಗ ಓಡಿ ಬಂದವರು ಅದೇ ಸಿಸ್ಟರ್.

ಈಗ ಮನೆಯಲ್ಲಿ ನಮ್ಮ ಪಾಲಿನ ಕೆಲಸ ನಡೆಯುತ್ತಿದೆ. ರಕ್ತ ಹೆಪ್ಪುಗಟ್ಟದಿರಲು ಕೊಟ್ಟ ಎರಡು ಮಾತ್ರೆ ತಪ್ಪಿಸಿದರೆ ಸ್ಟೆಂಟ್ ದಿಢೀರ್ ಮುಚ್ಚಿಕೊಳ್ಳಬಹುದು. ಮೊನ್ನೆ ಹಲ್ಲು ಕೀಳಿಸಲು ಹೋದಾಗ ದಂತವೈದ್ಯರು ಮಾತ್ರೆ ನಿಲ್ಲಿಸಿ ಬನ್ನಿ ಅಂದರು. ನಿಲ್ಲಿಸಲಿಲ್ಲ. ಹೃದಯದ ಡಾಕ್ಟರಿಗೆ ಫೋನ್ ಮಾಡಿದೆವು, ನಿಲ್ಲಿಸಲೇಬೇಡಿ, ಹಲ್ಲನ್ನೇ ಮುಂದೂಡಿ ಅಂದರು. ಸದ್ಯಕ್ಕೆ ಮಾವ ಮೆತ್ತಗಿನ ಅನ್ನ ಸಾರು ಉಣ್ಣುತ್ತಿದ್ದಾರೆ, ಹಲ್ಲಿಗೆ ಮುಂದಿನ ವರ್ಷ.