ಜರ್ಮನಿಯ ಶಾಲೆಯಲ್ಲಿ ಪಾಲಕರ ಪ್ರತಿನಿಧಿಯಾಗುವವರಿಗೆ

ಆಗಸ್ಟ್ ಮುಗಿಯುತ್ತಿದ್ದಂತೆ ಜರ್ಮನಿಯಿಂದ ನನಗೆ ಫೋನ್ ಬರತೊಡಗುತ್ತವೆ. ಕಲಬುರಗಿ, ಬೀದರ್, ಯಾದಗಿರಿ ಕಡೆಯಿಂದ ಕೆಲಸಕ್ಕೆಂದು ಹೋದ ಕುಟುಂಬಗಳು. ಮಗು ಒಂದನೆಯ ತರಗತಿಗೆ ಸೇರಿರುತ್ತದೆ, ಬಣ್ಣದ ಕಾಗದದ ದೊಡ್ಡ ಪೊಟ್ಟಣದಲ್ಲಿ ಮಿಠಾಯಿ ತುಂಬಿ ಕೊಟ್ಟ ಮೊದಲ ದಿನದ ಸಂಭ್ರಮವೂ ಮುಗಿದಿರುತ್ತದೆ. ಸಂಜೆ ಏಳೂವರೆಗೆ ಪಾಲಕರ ಸಭೆ, ಅದರಲ್ಲಿ ಪ್ರತಿನಿಧಿಗಳ ಚುನಾವಣೆ ಎಂದು ಶಾಲೆಯಿಂದ ಚೀಟಿ ಬಂದಿರುತ್ತದೆ. "ಅಕ್ಕಾ, ನಮಗೆ ಇಲ್ಲಿ ಮತದಾನದ ಹಕ್ಕೇ ಇಲ್ಲವಲ್ಲ, ಇದೆಂಥ ಚುನಾವಣೆ?" ಎಂದು ಕೇಳುತ್ತಾರೆ.

ಈ ಚುನಾವಣೆಯಲ್ಲಿ ನಿಮಗೆ ಹಕ್ಕಿದೆ. ಪಾಸ್‌ಪೋರ್ಟ್ ಯಾವ ದೇಶದ್ದು ಎಂದು ಇಲ್ಲಿ ಯಾರೂ ಕೇಳುವುದಿಲ್ಲ. ಆ ತರಗತಿಯಲ್ಲಿ ನಿಮ್ಮ ಮಗು ಓದುತ್ತಿದ್ದರೆ ಮತ ಹಾಕಬಹುದು, ಚುನಾವಣೆಗೆ ನಿಲ್ಲಲೂಬಹುದು.

ಜರ್ಮನಿಯಲ್ಲಿ ಶಾಲೆ ರಾಜ್ಯಗಳ ವಿಷಯ. 16 ರಾಜ್ಯಗಳು, ಒಂದೊಂದಕ್ಕೂ ಅದರದೇ ಶಾಲಾ ಕಾಯ್ದೆ. ಡ್ಯುಸೆಲ್ಡಾರ್ಫ್, ಕ್ಯೋಲ್ನ್ ನಗರಗಳಿರುವ ನಾರ್ತ್‌ರೈನ್ ವೆಸ್ಟ್‌ಫಾಲಿಯಾ ರಾಜ್ಯದಲ್ಲಿ ನಾನಿದ್ದೆ, ಹಾಗಾಗಿ ಅಲ್ಲಿನ ಕ್ರಮವನ್ನೇ ಹೇಳುತ್ತೇನೆ. ಒಂದು ತರಗತಿಯ ಪಾಲಕರೆಲ್ಲ ಸೇರಿದರೆ ಅದು ಕ್ಲಾಸೆನ್‌ಫ್ಲೇಗ್‌ಶಾಫ್ಟ್. ಶಾಲಾ ವರ್ಷದ ಆರಂಭದಲ್ಲಿ ಅದು ಒಬ್ಬ ಅಧ್ಯಕ್ಷರನ್ನೂ ಒಬ್ಬ ಉಪಾಧ್ಯಕ್ಷರನ್ನೂ ಆರಿಸುತ್ತದೆ. ಅವಧಿ ಒಂದು ವರ್ಷ. ತಾಯಿ ತಂದೆ ಇಬ್ಬರೂ ಬಂದರೂ ಒಂದು ಮಗುವಿಗೆ ಒಂದೇ ಮತ. ತರಗತಿ ಶಿಕ್ಷಕಿ ಸಭೆಯಲ್ಲಿರುತ್ತಾರೆ, ಸಲಹೆ ಕೊಡುತ್ತಾರೆ, ಮತ ಹಾಕುವುದಿಲ್ಲ. ಎಲ್ಲ ತರಗತಿಗಳ ಅಧ್ಯಕ್ಷರು ಕೂಡಿದರೆ ಶೂಲ್‌ಫ್ಲೇಗ್‌ಶಾಫ್ಟ್, ಅಂದರೆ ಇಡೀ ಶಾಲೆಯ ಪಾಲಕರ ಮಂಡಳಿ. ಶಾಲೆಯ ಅತ್ಯುನ್ನತ ಸಭೆಯಾದ ಶೂಲ್‌ಕಾನ್ಫೆರೆನ್ಸ್‌ಗೆ ಪಾಲಕರನ್ನು ಆರಿಸಿ ಕಳಿಸುವುದು ಈ ಮಂಡಳಿ. ಪ್ರಾಥಮಿಕ ಶಾಲೆಯಾದರೆ ಆ ಸಭೆಯಲ್ಲಿ ಅರ್ಧ ಶಿಕ್ಷಕರು, ಅರ್ಧ ಪಾಲಕರು. ಬೇರೆ ರಾಜ್ಯಗಳಲ್ಲಿ ಹೆಸರೂ ಲೆಕ್ಕವೂ ಬದಲಾಗುತ್ತವೆ: ಬರ್ಲಿನ್‌ನಲ್ಲಿ ತರಗತಿಗೆ ಇಬ್ಬರು ಪ್ರತಿನಿಧಿಗಳು, ಹೆಸ್ಸೆನ್‌ನಲ್ಲಿ ಅವಧಿ ಎರಡು ವರ್ಷ.

ನಮ್ಮಲ್ಲೂ ಇಂಥದ್ದು ಇಲ್ಲದಿಲ್ಲ. ಕರ್ನಾಟಕದ ಸರ್ಕಾರಿ ಶಾಲೆಗಳಿಗೆ 2001ರಲ್ಲೇ ಎಸ್‌ಡಿಎಂಸಿ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ ಬಂದಿದೆ. ಶಾಲಾ ಸಮಿತಿಯಲ್ಲಿ ನಾಲ್ಕರಲ್ಲಿ ಮೂರು ಪಾಲು ಪಾಲಕರೇ ಇರಬೇಕೆಂದು 2009ರ ಶಿಕ್ಷಣ ಹಕ್ಕು ಕಾಯ್ದೆಯೂ ಹೇಳುತ್ತದೆ. ಆದರೆ ಜರ್ಮನಿಗೆ ಹೋಗುವ ಎಂಜಿನಿಯರುಗಳಲ್ಲಿ ಹೆಚ್ಚಿನವರು ಓದಿದ್ದು ಖಾಸಗಿ ಶಾಲೆಗಳಲ್ಲಿ. ಅಲ್ಲಿ ಅಪ್ಪನ ಪಾಲಿಗೆ ಬರುತ್ತಿದ್ದದ್ದು ಫೀ ಕಟ್ಟುವುದು, ಪ್ರಗತಿ ಪತ್ರಕ್ಕೆ ಸಹಿ ಹಾಕುವುದು, ಅಷ್ಟೇ. ಇನ್ನು ಎಸ್‌ಡಿಎಂಸಿ ಅಧ್ಯಕ್ಷಗಿರಿಯನ್ನು ಊರಲ್ಲಿ ಹತ್ತಿರದಿಂದ ಕಂಡವರಿಗೆ ಅಧ್ಯಕ್ಷ ಎಂದೊಡನೆ ಶಾಲು, ಹಾರ, ವೇದಿಕೆಯ ಮೇಲಿನ ಕುರ್ಚಿ ಕಣ್ಣಿಗೆ ಬರುತ್ತವೆ. ಜರ್ಮನಿಯಲ್ಲಿ ಆ ಕುರ್ಚಿಯ ಎತ್ತರ ಒಂದಡಿ ಚಿಲ್ಲರೆ. ಮಕ್ಕಳ ಕುರ್ಚಿಯಲ್ಲೇ ಮೊಣಕಾಲು ಮಡಚಿ ಕೂರಬೇಕು. ಗೌರವಧನವಿಲ್ಲ, ಅಧಿಕಾರವೂ ಇಲ್ಲ. ಇದನ್ನು ಮೊದಲೇ ಮನಸ್ಸಿಗೆ ತಂದುಕೊಂಡರೆ ಮುಂದಿನದೆಲ್ಲ ಸಲೀಸು.

"ಯಾರು ನಿಲ್ಲುತ್ತೀರಿ?" ಎಂದು ಶಿಕ್ಷಕಿ ಕೇಳುವ ಕ್ಷಣಕ್ಕೆ ಸಭೆ ಮೌನವಾಗುತ್ತದೆ. ಜರ್ಮನ್ ಪಾಲಕರೂ ತಮ್ಮ ಬೂಟುಗಳನ್ನೇ ನೋಡುತ್ತ ಕೂರುತ್ತಾರೆ. ನನ್ನ ಸಲಹೆ ಇಷ್ಟು: ಮೊದಲ ವರ್ಷ ಉಪಾಧ್ಯಕ್ಷ ಸ್ಥಾನಕ್ಕೆ ಕೈ ಎತ್ತಿ. ಪತ್ರ ಬರೆಯುವ ಹೊರೆ ಅಧ್ಯಕ್ಷರದು. ಶಾಲೆ ಹೇಗೆ ನಡೆಯುತ್ತದೆ, ಯಾವುದಕ್ಕೆ ಯಾರನ್ನು ಕೇಳಬೇಕು ಎಂಬುದನ್ನು ನೀವು ಅವರ ಪಕ್ಕದಲ್ಲಿ ಕುಳಿತೇ ತಿಳಿದುಕೊಳ್ಳುತ್ತೀರಿ. ವಲಸೆ ಬಂದವರಿಗೆ ಇದಕ್ಕಿಂತ ಅಗ್ಗದ ಪಾಠಶಾಲೆ ಇಲ್ಲ.

ಭಾಷೆ ಬರುವುದಿಲ್ಲ ಎಂದು ಹಿಂಜರಿಯುವವರಿಗೆ, ವಿಶೇಷವಾಗಿ ನಮ್ಮ ಭಾಗದವರಿಗೆ, ಒಂದು ಮಾತು. ಕಲಬುರಗಿಯ ಸೂಪರ್ ಮಾರ್ಕೆಟ್‌ನಲ್ಲಿ ಕನ್ನಡ, ದಖನಿ ಉರ್ದು, ಮರಾಠಿ, ತೆಲುಗು ಎಲ್ಲವನ್ನೂ ಬೆರೆಸಿ ವ್ಯವಹಾರ ಮಾಡಿ ಬಂದವರು ನಾವು. ನಮ್ಮ ಉರ್ದುವಿನ ವ್ಯಾಕರಣವನ್ನು ಯಾವ ಅಂಗಡಿಯವನೂ ತಿದ್ದಲಿಲ್ಲ, ಚೌಕಾಸಿಯೂ ನಿಲ್ಲಲಿಲ್ಲ. ಹಾಗೆಯೇ ಜರ್ಮನ್ ಹರುಕಾಗಿದ್ದರೂ ಪರವಾಗಿಲ್ಲ. ಶಿಕ್ಷಕಿಯನ್ನು ಮಾತ್ರ ಹೆಸರು ಹಿಡಿದು ಕರೆಯಬೇಡಿ. ಫ್ರಾವ್ (ಶ್ರೀಮತಿ) ಎಂದು ಸೇರಿಸಿ ಮನೆತನದ ಹೆಸರಿನಿಂದ ಕರೆಯಿರಿ, ಗೌರವದ ಬಹುವಚನ ಬಳಸಿ. ಪಾಲಕರು ತಮ್ಮ ತಮ್ಮಲ್ಲಿ ಬೇಗ ಏಕವಚನಕ್ಕೆ ಇಳಿಯುತ್ತಾರೆ, ಅದನ್ನು ಅವಮಾನವೆಂದು ತಿಳಿಯಬೇಕಾಗಿಲ್ಲ.

ಕೆಲಸದಲ್ಲಿ ಬಹುಪಾಲು ಚಿಲ್ಲರೆಯದು. ಶಿಕ್ಷಕಿಯೊಡನೆ ದಿನ ಗೊತ್ತುಮಾಡಿ ಸಭೆ ಕರೆಯಬೇಕು. ನವೆಂಬರ್ 11ರ ಆಸುಪಾಸಿನಲ್ಲಿ ಸಂತ ಮಾರ್ಟಿನ್ ಮೆರವಣಿಗೆ ಇರುತ್ತದೆ. ಮಕ್ಕಳು ತಾವೇ ಮಾಡಿದ ಕಾಗದದ ದೀಪ ಹಿಡಿದು ಹಾಡುತ್ತ ಹೋಗುತ್ತಾರೆ, ಅವರ ಜೊತೆ ನಡೆಯಲು ಪಾಲಕರನ್ನು ಹೊಂದಿಸಬೇಕು. ಶಾಲಾ ಹಬ್ಬಕ್ಕೆ ಯಾರು ಕೇಕ್ ತರುತ್ತಾರೆ, ಯಾರು ಮೇಜು ಎತ್ತುತ್ತಾರೆ ಎಂದು ಪಟ್ಟಿ ಮಾಡಬೇಕು. ಶೇಂಗಾ ಹೋಳಿಗೆ ಒಯ್ಯುವ ಆಸೆ ನಿಮಗಿದ್ದೇ ಇರುತ್ತದೆ. ತರಗತಿಯಲ್ಲಿ ಯಾರಿಗಾದರೂ ಶೇಂಗಾ ಅಲರ್ಜಿ ಇದೆಯೇ ಎಂದು ಮೊದಲು ಕೇಳಿ, ಏನೇನು ಹಾಕಿದ್ದೀರಿ ಎಂದು ಚೀಟಿ ಬರೆದು ತಟ್ಟೆಯ ಮುಂದೆ ಇಡಿ. ತರಗತಿಯ ಸಣ್ಣ ನಿಧಿ ನಿಮ್ಮ ಕೈಗೆ ಬಂದರೆ ಐದು ಯೂರೋ ಖರ್ಚಿಗೂ ರಸೀದಿ ಇಟ್ಟುಕೊಳ್ಳಿ. ಲೆಕ್ಕವನ್ನು ಸಭೆಯಲ್ಲಿ ಖಂಡಿತ ಕೇಳುತ್ತಾರೆ, ಕೇಳಿದ್ದಕ್ಕೆ ಯಾರೂ ಮುನಿಸಿಕೊಳ್ಳುವುದಿಲ್ಲ.

ಆದರೆ ಈ ಸ್ಥಾನದ ತೂಕ ಇರುವುದು ಕೇಕಿನಲ್ಲಲ್ಲ. ವರ್ಷದಲ್ಲಿ ಏನು ಕಲಿಸುತ್ತೇವೆ, ಏಕೆ ಕಲಿಸುತ್ತೇವೆ ಎಂದು ವರ್ಷದ ಆರಂಭದಲ್ಲೇ ಪಾಲಕರಿಗೆ ಹೇಳಬೇಕೆಂದು ನಾರ್ತ್‌ರೈನ್ ವೆಸ್ಟ್‌ಫಾಲಿಯಾದ ಕಾಯ್ದೆಯೇ ಹೇಳುತ್ತದೆ. ಮನೆಪಾಠಕ್ಕೂ (ಹೋಂವರ್ಕ್) ಮಿತಿಯಿದೆ: ಒಂದು, ಎರಡನೆಯ ತರಗತಿಗೆ ದಿನಕ್ಕೆ 30 ನಿಮಿಷ, ಮೂರು, ನಾಲ್ಕಕ್ಕೆ 45 ನಿಮಿಷ. ನಮ್ಮವರು ಸಾಮಾನ್ಯವಾಗಿ ಇದರ ತಿರುವುಮುರುವಾದ ದೂರು ತರುತ್ತಾರೆ, ಮನೆಪಾಠ ಸಾಲದು ಎಂದು! ಆ ದೂರನ್ನು ತರಗತಿಯ ಹೆಸರಿನಲ್ಲಿ ಎತ್ತುವ ಮುನ್ನ ಉಳಿದ ಪಾಲಕರನ್ನು ಕೇಳಿ. ನೀವು ತರಗತಿಯ ಬಾಯಿ, ನಿಮ್ಮ ಮಗುವಿನ ವಕೀಲರಲ್ಲ. ನಿಮ್ಮ ಮಗುವಿನ ಓದು, ಗೆಳೆತನ, ಜಗಳದ ಮಾತಿಗೆ ಬೇರೆ ದಿನವಿದೆ. ಎಲ್ಟರ್ನ್‌ಶ್ಪ್ರೆಹ್‌ಟಾಗ್ ಎಂಬ ಆ ದಿನ ಪ್ರತಿ ಕುಟುಂಬಕ್ಕೂ ಕೆಲವು ನಿಮಿಷ ಮೀಸಲು. ಸಭೆಯಲ್ಲಿ ಎಲ್ಲರ ಮುಂದೆ "ನಮ್ಮ ಹುಡುಗ..." ಎಂದು ಶುರುಮಾಡಿದರೆ ಪಕ್ಕದವರು ಗಡಿಯಾರ ನೋಡುತ್ತಾರೆ.

ನಾಲ್ಕನೆಯ ತರಗತಿಯಲ್ಲಿ ಈ ಎಚ್ಚರ ಇನ್ನೂ ಹೆಚ್ಚು ಬೇಕು. ಅರ್ಧ ವರ್ಷದ ಅಂಕಪಟ್ಟಿಯ ಜೊತೆಗೆ, ಮಗು ಮುಂದೆ ಯಾವ ಬಗೆಯ ಶಾಲೆಗೆ ಹೋಗುವುದು ಸೂಕ್ತ ಎಂಬ ಶಿಫಾರಸು ಬರುತ್ತದೆ. ಪ್ರತಿನಿಧಿಯ ಮಗುವಿಗೆ ಗಿಮ್ನಾಸಿಯಂ, ಅಂದರೆ ವಿಶ್ವವಿದ್ಯಾಲಯದ ದಾರಿ ಹಿಡಿಸುವ ಪ್ರೌಢಶಾಲೆಯ ಶಿಫಾರಸು ಸುಲಭವಾಗಿ ಸಿಗುತ್ತದೆ ಎಂಬ ನಂಬಿಕೆ ನಮ್ಮವರಲ್ಲಿ ಓಡಾಡುತ್ತಿದೆ. ಅದು ಸುಳ್ಳು, ಮೇಲಾಗಿ ಅನಗತ್ಯ: ಈ ರಾಜ್ಯದಲ್ಲಿ ಕೊನೆಯ ತೀರ್ಮಾನ ಪಾಲಕರದೇ. ಇದೇ ಕಾರಣಕ್ಕೆ ಶಿಕ್ಷಕಿಗೆ ಬೀದರಿನ ಬಿದ್ರಿ ಹೂದಾನಿ ಕೊಡುವ ಯೋಚನೆಯನ್ನೂ ಬಿಡಿ. ನಿಮ್ಮ ಮನಸ್ಸು ಶುದ್ಧವಿರಬಹುದು, ಆದರೆ ಬೆಲೆಬಾಳುವ ಉಡುಗೊರೆ ತೆಗೆದುಕೊಂಡರೆ ಅವರ ನೌಕರಿಗೆ ಕುತ್ತು. ವರ್ಷದ ಕೊನೆಗೆ ಇಡೀ ತರಗತಿಯ ಪರವಾಗಿ ಒಂದು ಹೂಗುಚ್ಛ, ಮಕ್ಕಳು ಬರೆದ ಚಿತ್ರಗಳು ಸಾಕು.

ವಾಟ್ಸ್‌ಆ್ಯಪ್ ಗುಂಪು ಪಾಲಕರ ಖಾಸಗಿ ಸಂಗತಿ, ಶಾಲೆಯ ಫಲಕವಲ್ಲ. ಒಪ್ಪಿಗೆಯಿಲ್ಲದೆ ಯಾರ ಫೋನ್ ಸಂಖ್ಯೆಯನ್ನೂ ಹಂಚಬೇಡಿ, ಬೇರೆ ಮಕ್ಕಳ ಫೋಟೋವನ್ನಂತೂ ಹಾಕಲೇಬೇಡಿ. ಅಲ್ಲಿ ಇದು ಬರೀ ಶಿಷ್ಟಾಚಾರವಲ್ಲ, ಕಾನೂನು.

ಹಲವು ದಿನಗಳ ತರಗತಿ ಪ್ರವಾಸದ ಮಾತು ಬಂದಾಗ ಮಗುವನ್ನು ರಾತ್ರಿ ಹೊರಗೆ ಕಳಿಸಲು ನಮ್ಮವರ ಮನಸ್ಸು ಹಿಂದೇಟು ಹಾಕುತ್ತದೆ. ಅದು ಪಾಠದ ಭಾಗವೇ ಎಂದು ಅವರಿಗೆ ತಿಳಿಸುವ ಕೆಲಸ ನಿಮ್ಮ ಪಾಲಿಗೆ ಬರಬಹುದು. ಹಣದ ತೊಂದರೆಯಿದ್ದವರೂ ಇರುತ್ತಾರೆ. ಬಾಡಿಗೆಗೆ ಸರ್ಕಾರದ ನೆರವು ಅಥವಾ ಮಕ್ಕಳ ಹೆಚ್ಚುವರಿ ಭತ್ಯೆ ಪಡೆಯುವ ಕುಟುಂಬಗಳು ಬಿಲ್ಡುಂಗ್ ಉಂಡ್ ಟೈಲ್‌ಹಾಬೆ (ಶಿಕ್ಷಣ ಮತ್ತು ಸಹಭಾಗಿತ್ವ) ಯೋಜನೆಯಡಿ ಪ್ರವಾಸದ ಖರ್ಚನ್ನು ಪಡೆಯಬಹುದು. ಇದನ್ನು ಒಬ್ಬೊಬ್ಬರನ್ನೇ ಕರೆದು ಹೇಳದೆ ಸಭೆಯಲ್ಲಿ ಎಲ್ಲರಿಗೂ ಒಟ್ಟಿಗೆ ಹೇಳಿ, ಯಾರಿಗೆ ಬೇಕೋ ಅವರು ಕೇಳಿಸಿಕೊಳ್ಳುತ್ತಾರೆ.

ರಜೆಯ ವಿಷಯಕ್ಕೆ ಊರಿನವರು ನಿಮ್ಮನ್ನೇ ಹಿಡಿಯುತ್ತಾರೆ: "ಮಾರ್ಚ್‌ನಲ್ಲಿ ಶರಣಬಸವೇಶ್ವರ ಜಾತ್ರೆಗೆ ಹೋಗಬೇಕು, ಶಿಕ್ಷಕಿಗೆ ನೀವೇ ಒಂದು ಮಾತು ಹೇಳಿ." ಹೇಳಬೇಡಿ. ರಜೆಯ ಅರ್ಜಿಯನ್ನು ಪಾಲಕರು ತಾವೇ ಕಾರಣ ಬರೆದು, ಮುಂಚಿತವಾಗಿ ಕೊಡಬೇಕು. ಶಾಲಾ ರಜೆಗೆ ಅಂಟಿಕೊಂಡ ದಿನಗಳಿಗೆ ಅನುಮತಿ ಸಿಗುವುದು ತೀರ ಅಪರೂಪ. ಹೇಳದೆ ಹೋದರೆ ದಂಡ ಬೀಳಬಹುದು.

ದೂರಿಗೂ ಒಂದು ಕ್ರಮವಿದೆ. ಊರಿನಲ್ಲಿ ನೇರವಾಗಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಮನವಿ ಕೊಡುವ ರೂಢಿಯಿದೆ. ಜರ್ಮನಿಯಲ್ಲಿ ಮೊದಲು ಶಿಕ್ಷಕಿಯ ಜೊತೆ ಮಾತು, ಆಗಲೂ ಬಗೆಹರಿಯದಿದ್ದರೆ ಪ್ರತಿನಿಧಿಯೊಂದಿಗೆ ಮುಖ್ಯೋಪಾಧ್ಯಾಯರ ಬಳಿಗೆ, ಶಿಕ್ಷಣ ಇಲಾಖೆಯ ಶೂಲ್‌ಆಮ್ಟ್ ಕೊನೆಗೆ. ಮೊದಲ ಮೆಟ್ಟಿಲು ಹಾರಿದವರನ್ನು ಎರಡನೆಯ ಮೆಟ್ಟಿಲಿನಿಂದಲೇ ವಾಪಸು ಕಳಿಸುತ್ತಾರೆ.

ವರ್ಷದ ನಡುವೆ ಊರು ಬದಲಾಯಿಸಬೇಕಾದರೆ ಇನ್ನೊಬ್ಬ ಪ್ರತಿನಿಧಿಗೂ ಶಿಕ್ಷಕಿಗೂ ಇಮೇಲ್ ಬರೆದು, ನಿಧಿಯ ಹಣವನ್ನು ರಸೀದಿಗಳ ಸಮೇತ ಒಪ್ಪಿಸಿ ಹೊರಡಿ.