ಮೆರವಣಿಗೆಗೆ ನಮ್ಮನ್ನೂ ಕರೀರಿ, ಆದ್ರೆ ಈ ತಯಾರಿ ಮಾಡ್ಕೊಂಡು ಕರೀರಿ

ನಂಗೆ ಚಿಕ್ಕೋನಿದ್ದಾಗ ಪೋಲಿಯೋ ಆಗಿತ್ತು, ಕ್ಯಾಲಿಪರ್ (ಕಾಲಿಗೆ ಆಸರೆಯಾಗಿ ಕಟ್ಟೋ ಪಟ್ಟಿ) ಹಾಕ್ಕೊಂಡು ಊರುಗೋಲಲ್ಲಿ ನಡೀತೀನಿ. ಕೆಲವು ವರ್ಷದ ಹಿಂದೆ ಪಿಂಚಣಿ ಜಾಸ್ತಿ ಮಾಡಿ ಅಂತ ನಮ್ಮೂರಲ್ಲಿ ಸರ್ಕಲ್‌ನಿಂದ ಡೀಸಿ ಆಫೀಸ್‌ವರೆಗೆ ಮೆರವಣಿಗೆ ಇತ್ತು, ನಾನೂ ಹೋದೆ. ನಾನಿನ್ನೂ ಅರ್ಧ ದಾರೀಲಿದ್ದೀನಿ, ಎದುರುಗಡೆಯಿಂದ ನಮ್ಮೋರೇ ಬ್ಯಾನರ್ ಸುತ್ಕೊಂಡು ವಾಪಸ್ ಬರ್ತಿದ್ದಾರೆ, "ಮುಗೀತಣ್ಣ, ಮನವಿ ಕೊಟ್ಟಾಯ್ತು" ಅಂದ್ರು. ಅಂಗವಿಕಲರ ಪಿಂಚಣಿಗೇ ಮಾಡಿದ್ದ ಮೆರವಣಿಗೆ ಅದು. ಯಾರ ಮೇಲೂ ಸಿಟ್ಟಿಟ್ಕೊಂಡು ಬರೀತಿಲ್ಲ, ಮುಂದೆ ಮಾಡೋರಿಗೆ ಗೊತ್ತಿರ್ಲಿ ಅಂತ ಬರೀತಿದೀನಿ.

ಮೊದಲ್ನೇ ಕೆಲ್ಸ ಪೊಲೀಸ್ ಪರ್ಮಿಷನ್‌ಗೆ ಅರ್ಜಿ ಹಾಕೋಕ್ ಮುಂಚೆನೇ ಆಗ್ಬೇಕು. ಅರ್ಜೀಲಿ ದಾರಿ ಬರೆದ್ಮೇಲೆ ಆಮೇಲೆ ಬದ್ಲಾಯ್ಸೋದು ಕಷ್ಟ, ಅದಕ್ಕೆ ವೀಲ್‌ಚೇರಲ್ಲಿ ಬರೋರು ಒಬ್ರು, ಕಣ್ಣು ಕಾಣದೋರು ಒಬ್ರು ಇವ್ರನ್ನ ಕರ್ಕೊಂಡು ಆ ದಾರೀಲಿ ಒಂದ್ಸಲ ಹೋಗ್ಬನ್ನಿ, ಎಲ್ಲಿ ರಸ್ತೆ ಅಗ್ದಿದ್ದಾರೆ, ಎಲ್ಲಿ ಏರು ಅಂತ ಅವ್ರೇ ಹೇಳ್ತಾರೆ. ಎರಡು ಕಿಲೋಮೀಟರ್ ಇದ್ರೆ ಒಂದಕ್ಕೆ ಇಳಿಸಿ, ನಡುವೆ ನೆರಳಿರೋ ಕಡೆ ಹತ್ತು ನಿಮಿಷ ನಿಲ್ಲಿಸಿ. ಬೆಂಗಳೂರಲ್ಲಾದ್ರೆ 2021ರ ಆದೇಶದ ಪ್ರಕಾರ ಪ್ರತಿಭಟನೆ ಫ್ರೀಡಂ ಪಾರ್ಕಲ್ಲೇ ಮಾಡ್ಬೇಕು, ಹಾಗಂತ ತಯಾರಿ ಕಡಿಮೆ ಆಗಲ್ಲ, ಮೆಟ್ರೋ ಇಳಿದು ಅಲ್ಲೀವರೆಗಿನ ಫುಟ್‌ಪಾತ್ ನೋಡ್ಲೇಬೇಕು.

ಟಾಯ್ಲೆಟ್ ವಿಷ್ಯ ಯಾರೂ ಬಾಯ್ಬಿಟ್ಟು ಹೇಳಲ್ಲ, ನಾನು ಹೇಳ್ತೀನಿ. ನಮ್ಮ ಹೆಣ್ಮಕ್ಕಳು ಎಷ್ಟೋ ಜನ ಮೆರವಣಿಗೆ ದಿನ ಬೆಳಗ್ಗೆಯಿಂದ ಒಂದ್ ಗುಟುಕು ನೀರೂ ಕುಡಿಯಲ್ಲ, ಆ ಬಿಸಿಲಲ್ಲಿ ಸಂಜೆವರೆಗೂ ಹಂಗೇ ಇರ್ತಾರೆ. ಮೊಬೈಲ್ ಟಾಯ್ಲೆಟ್ ತರಿಸ್ತೀವಿ ಅಂತೀರಿ, ಅದಕ್ಕೆ ಮೂರು ಮೆಟ್ಲು ಇರುತ್ತೆ, ಏನು ಉಪಯೋಗ. ಅದ್ರ ಬದ್ಲು ದಾರೀಲಿರೋ ಹೋಟ್ಲೋ ಆಸ್ಪತ್ರೆಯೋ ಕಾಲೇಜೋ ನೆಲಮಹಡಿ ಟಾಯ್ಲೆಟ್ ಇರೋ ಜಾಗ ಮೊದ್ಲೇ ಕೇಳಿಟ್ಕೊಳ್ಳಿ. ಟೇಪ್ ತಗೊಂಡೋಗಿ ಬಾಗಿಲು ಅಳೀರಿ, ಎರಡೇ ಅಡಿ ಇದ್ರೆ ಸಾಮಾನ್ಯವಾಗಿ ವೀಲ್‌ಚೇರ್ ಒಳಗೆ ಹೋಗಲ್ಲ.

ಸ್ಟೇಜ್ ಹಾಕೋರು ಒಂದು ಹಲಗೆ ಒರಗಿಸಿ ರ‍್ಯಾಂಪ್ ಆಯ್ತು ಅಂತಾರೆ. ಲೆಕ್ಕ ಸುಲಭ, ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ, ಅಂದ್ರೆ ಎರಡಡಿ ಸ್ಟೇಜ್‌ಗೆ 24 ಅಡಿ ರ‍್ಯಾಂಪ್ ಬೇಕು. ಅಷ್ಟು ಜಾಗ ಇಲ್ವಾ? ಸ್ಟೇಜೇ ಬೇಡ ಬಿಡಿ, ಮೈಕ್ ನೆಲದ ಮೇಲಿಡಿ, ಎಲ್ರೂ ಅಲ್ಲೇ ನಿಂತು ಕೂತು ಮಾತಾಡ್ಲಿ.

ನಡಿಗೆ ಶುರುವಾದಾಗ ನಿಧಾನಕ್ಕೆ ನಡೆಯೋರು ಬ್ಯಾನರ್ ಹಿಂದೇನೇ ಇರ್ಲಿ, ಅವ್ರ ವೇಗನೇ ಎಲ್ರ ವೇಗ. "ನೀವು ಹಿಂದೆ ಆಟೋದಲ್ಲಿ ಬನ್ನಿ ಸಾರ್" ಅನ್ಬೇಡಿ, ಆಟೋ ಬೇಕಿದ್ದೋರು ಅವ್ರೇ ಕೇಳ್ತಾರೆ, ಕೇಳಿದ್ರೆ ಸಿಗೋ ಹಾಗೆ ಒಂದೆರಡು ಇಟ್ಟಿರಿ ಸಾಕು. ಆದ್ರೆ ತೀರಾ ಮುಂದಿನ ಸಾಲು ಬೇಡ, ಬ್ಯಾರಿಕೇಡ್ ಹತ್ರ ತಳ್ಳಾಟ ಆದ್ರೆ ಮೊದ್ಲು ಬೀಳೋರು ನಾವೇ. ಎರಡೂ ಕಡೆ ವಾಲಂಟಿಯರ್ಸ್ ಹಗ್ಗ ಹಿಡ್ಕೊಳ್ಳಲಿ, ಒಂದು ಪಕ್ಕ ಹೊರಗೆ ಹೋಗೋಕೆ ದಾರಿ ಬಿಟ್ಟಿರ್ಲಿ.

ವೀಲ್‌ಚೇರ್ ಎತ್ತೋ ಸಂದರ್ಭ ಬಂದ್ರೆ ಕೂತೋರನ್ನ ಕೇಳಿ ಎತ್ತಿ, ಫ್ರೇಮ್ ಹಿಡೀರಿ. ಕೈ ಇಡೋ ಭಾಗ, ಕಾಲಿಡೋ ಭಾಗ ಹಿಡಿದ್ರೆ ಕಳಚಿ ಬರುತ್ತೆ, ಕೂತೋರು ಮುಗ್ಗರಿಸಿ ಬೀಳ್ತಾರೆ, ನಾನೇ ಕಣ್ಣಾರೆ ನೋಡಿದೀನಿ. ಬ್ಯಾಟ್ರಿ ವೀಲ್‌ಚೇರ್ ಎತ್ತೋಕೇ ಹೋಗ್ಬೇಡಿ, ಕೆಲವು ನೂರು ಕಿಲೋ ಬರುತ್ತೆ. ಬೆನ್ನುಹುರಿಗೆ ಪೆಟ್ಟಾದ ಎಷ್ಟೋ ಜನಕ್ಕೆ ಪೆಟ್ಟಿನ ಕೆಳಗೆ ಬೆವರೇ ಬರಲ್ಲ, ಮೈ ಬೇಗ ಕಾಯುತ್ತೆ, ಒದ್ದೆ ಟವೆಲ್ ಇಟ್ಕೊಂಡಿರಿ.

ಕಣ್ಣು ಕಾಣದೋರ ಕೈ ಹಿಡಿದು ಎಳೀಬೇಡಿ, ನಿಮ್ಮ ಮೊಣಕೈ ಕೊಡಿ, ಅವ್ರು ಹಿಡ್ಕೊಂಡು ಬರ್ತಾರೆ. ಅವ್ರು ದಿಕ್ಕು ಗೊತ್ತು ಮಾಡ್ಕೊಳ್ಳೋದು ಕಿವೀಲಿ, ಹಾಗಾಗಿ ತಮಟೆ, ಲೌಡ್‌ಸ್ಪೀಕರ್ ಪಕ್ಕ ನಿಲ್ಲಿಸಿದ್ರೆ ಏನೂ ತಿಳಿಯಲ್ಲ. ಕಿವಿ ಕೇಳದೋರಿಗೆ ಸನ್ನೆ ಭಾಷೆ ಗೊತ್ತಿರೋರು ಭಾಷಣ ಮಾಡೋರ ಪಕ್ಕದಲ್ಲೇ ನಿಲ್ಬೇಕು, ಮುಖಕ್ಕೆ ಬೆಳಕು ಬೀಳ್ಬೇಕು. ಪೊಲೀಸ್ರು "ಹಿಂದೆ ಸರೀರಿ" ಅಂತ ಕೂಗೋದೂ ಅವ್ರಿಗೆ ಕೇಳಲ್ಲ, ಬೇಕೂಂತ ಮಾತು ಕೇಳ್ತಿಲ್ಲ ಅಂದ್ಕೊಂಡ್ರೆ ಕಷ್ಟ, ಅದಕ್ಕೆ ಜೊತೆಗೊಬ್ರು ಇರ್ಲೇಬೇಕು, ಕೆಂಪು ಬಾವುಟ ಎತ್ತಿದ್ರೆ ನಿಲ್ಲೋದು ಅಂತ ಮೊದ್ಲೇ ಮಾತಾಡ್ಕೊಳ್ಳಿ.

ಇಷ್ಟೆಲ್ಲಾ ಯಾಕೆ ಅಂದ್ರೆ ನಮ್ಮ ಕಾನೂನು ಬಂದಿದ್ದೇ ಬೀದೀಲಿ ನಿಂತು. 1995ರ ಡಿಸೆಂಬರ್‌ನಲ್ಲಿ ಅಂಗವಿಕಲರ ಹಕ್ಕಿಗೆ ಹೋರಾಡಿದ ಜಾವೇದ್ ಅಬಿದಿ ಮತ್ತೆ ಅವ್ರ ಜೊತೆಯೋರು ದೆಹಲೀಲಿ ಬೀದಿಗಿಳಿದ ಕೆಲವೇ ದಿನದಲ್ಲಿ ಸಂಸತ್ತು ಅಂಗವಿಕಲರ ಹಕ್ಕಿನ ಮೊದಲ ಕಾಯ್ದೆ ಪಾಸ್ ಮಾಡ್ತು, ಅದ್ರ ಜಾಗಕ್ಕೆ ಬಂದ 2016ರ ಕಾಯ್ದೇಲಿ 21 ಬಗೆಯ ಅಂಗವೈಕಲ್ಯ ಸೇರಿದೆ.

ಕೊನೇಲಿ ಮನವಿ ಕೊಡೋ ಹೊತ್ತು. "ಐದು ಜನ ಮಾತ್ರ ಮೇಲೆ ಬನ್ನಿ" ಅಂತಾರೆ, ಮೇಲೆ ಅಂದ್ರೆ ಎರಡನೇ ಮಹಡಿ, ಲಿಫ್ಟ್ ಕೆಟ್ಟಿರುತ್ತೆ. ಆಗ ನಡೆಯೋಕಾಗೋ ಐದು ಜನ ಹತ್ಕೊಂಡು ಹೋಗ್ಬೇಡಿ. ಸಾಹೇಬ್ರೇ ಗೇಟ್ ಹತ್ರ ಬಂದು ತಗೊಳ್ಳಲಿ ಅಂತ ಕೂತ್ಕೊಳ್ಳಿ, ಇದನ್ನ ಹಿಂದಿನ ದಿನವೇ ಅವ್ರ ಆಫೀಸಿಗೆ ಬರೆದು ಕೊಟ್ಟಿದ್ರೆ ಇನ್ನೂ ಒಳ್ಳೇದು. ಮುಗಿದ್ಮೇಲೆ ಎಲ್ರೂ ಬಸ್ಸೋ ಆಟೋನೋ ಹತ್ತಿದ್ರಾ ನೋಡಿ, ರಾತ್ರಿ ಒಂದ್ ಫೋನ್ ಮಾಡಿ, ಎಲ್ಲಿ ತೊಂದ್ರೆ ಆಯ್ತು ಕೇಳಿ ಬರೆದಿಟ್ಕೊಳ್ಳಿ, ಮುಂದಿನ ಅರ್ಜಿ ಬರೆಯುವಾಗ ಬೇಕಾಗುತ್ತೆ.